ಇಂಚರಳ ಸಾವಿರ ಶಿಷ್ಯರು

ಇಂಚರ ಎರಡು ವರ್ಷ ಜಾಂಬಿಯಾದ ಹಳ್ಳಿಯೊಂದರಲ್ಲಿ ಸ್ವಯಂಸೇವಕಿಯಾಗಿದ್ದು, ರೈತರ ಜೊತೆ ಕೊಳ ತೋಡಿ ಮೀನು ಸಾಕುವುದನ್ನು ಕಲಿತು, ಅಮೆರಿಕದ ಪ್ಲಿಮತ್‌ನ ಮನೆಗೆ ಮರಳಿದ್ದಳು. ಅವಳ ತಾಯಿ ಕೌಸಲ್ಯಾ ಮೊಟ್ಟೆಯನ್ನೂ ಮನೆಯೊಳಗೆ ಬಿಟ್ಟುಕೊಂಡವರಲ್ಲ. ಮಗಳು ಆಫ್ರಿಕಾದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾಳೆ ಎಂದೇ ಅವರು ಕನ್ನಡ ಕೂಟದವರಿಗೆಲ್ಲ ಹೇಳಿದ್ದರು.

ಆ ಶನಿವಾರ ಲೊಂಬಾರ್ಡ್ ಊರಿನಿಂದ ಕೂಟದ ರಾಜಶೇಖರ್ ಮತ್ತು ಅವರ ಹೆಂಡತಿ ಪ್ರಭಾವತಿ ಊಟಕ್ಕೆ ಬರುವವರಿದ್ದರು. ಅವರಿಗೆ ಸಾಕೇತ್ ಎಂಬ ಮಗನಿದ್ದ. ಕೌಸಲ್ಯಾಗೆ ಒಳಗೊಳಗೇ ಒಂದು ಆಸೆಯಿತ್ತು.

"ನೋಡೇ, ಅವರ ಮುಂದೆ ಮೀನು ಅನ್ನೋ ಪದ ನಿನ್ನ ಬಾಯಲ್ಲಿ ಬರಬಾರದು."

"ಪ್ರಾಮಿಸ್ ಅಮ್ಮ, ಆ ವರ್ಡ್ ಹೇಳಲ್ಲ. ಆದ್ರೆ ಸುಳ್ಳೂ ಹೇಳಲ್ಲ."

ಅಷ್ಟರಲ್ಲಿ ಕುಕ್ಕರ್ ಕೂಗಿತು. ಎರಡನೆಯ ಮಾತು ಕೌಸಲ್ಯಾ ಕಿವಿಗೆ ಬೀಳಲಿಲ್ಲ.

ಊಟಕ್ಕೆ ಕೂತಾಗ ಧಾರವಾಡ ಮೂಲದ ರಾಜಶೇಖರ್ ಅಕ್ಕರೆಯಿಂದ ಕೇಳಿದರು: "ಏನವಾ, ಆಫ್ರಿಕಾದಾಗ ನಿನ್ನ ಕೈಯಾಗ ಎಷ್ಟು ಹುಡುಗ್ರಿದ್ವು?"

"ಸಾವಿರಕ್ಕೂ ಜಾಸ್ತಿ, ಅಂಕಲ್."

"ಒಬ್ಬಾಕಿನ ಸಂಭಾಳಿಸ್ತಿದ್ದಿ? ಮಾತು ಕೇಳ್ತಿದ್ವೇನು?"

"ಬೆಳಿಗ್ಗೆ ಬಕೆಟ್ ತಟ್ಟಿದ್ರೆ ಸಾಕು, ಎಲ್ಲಾ ಒಟ್ಟಿಗೆ ಬರ್ತಿದ್ವು. ಊಟದ ಟೈಮ್ ಚೆನ್ನಾಗಿ ಗೊತ್ತು."

"ಅಲ್ಲೂ ಬಿಸಿಯೂಟ ಐತೇನು! ಛಲೋ ಆತು. ಏನ್ ಕೊಡ್ತಿದ್ರಿ?"

"ತೌಡು. ಸಿಕ್ಕಿದ್ರೆ ಗೆದ್ದಲು. ಗೆದ್ದಲು ಅಂದ್ರೆ ಪ್ರಾಣ ಅವಕ್ಕೆ."

ರಾಜಶೇಖರ್ ಬಾಯಿಗಿಡಲು ಎತ್ತಿದ್ದ ಕೋಸಂಬರಿಯನ್ನು ತಟ್ಟೆಗೇ ಇಳಿಸಿದರು. ಎಲ್ಲ ಗೊತ್ತಿದ್ದ ಇಂಚರಳ ಅಪ್ಪ ಜಗನ್ನಾಥ ನೀರು ಕುಡಿಯುವ ನೆಪದಲ್ಲಿ ಮುಖ ತಿರುಗಿಸಿದರು. ಕೌಸಲ್ಯಾ ಮೇಜಿನ ಕೆಳಗೆ ಮಗಳ ಕಾಲು ಹುಡುಕಿ ತುಳಿಯಲು ಹೋಗಿ ಗಂಡನ ಕಾಲು ತುಳಿದರು.

"ಎಂಥಾ ಬಡತನ ನೋಡ್ರಿ," ರಾಜಶೇಖರ್ ನಿಟ್ಟುಸಿರಿಟ್ಟರು. "ನಮ್ಮ ಕೂಟದಿಂದ ಏನರ ಕಳಸೋಣು."

"ಮೊದಲನೇ ಸಲ ನಾನೇ ತಪ್ಪು ಮಾಡ್ದೆ, ಅಂಕಲ್. ಸಗಣಿ ಜಾಸ್ತಿ ಹಾಕಿಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಎಲ್ಲಾ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಿದ್ವು. ತುಂಬಾ ಸತ್ತೋದ್ವು." ಈ ಮಾತನ್ನು ಇಂಚರ ತುಂಟತನದಿಂದ ಹೇಳಲಿಲ್ಲ. ಆ ಬೆಳಗನ್ನು ಅವಳು ಇನ್ನೂ ಮರೆತಿರಲಿಲ್ಲ.

"ಹುಡುಗ್ರಿಗೆ... ಸಗಣಿ?" ರಾಜಶೇಖರ್ ಬಿಳಚಿಕೊಂಡರು.

ಅದುವರೆಗೆ ಸುಮ್ಮನಿದ್ದ ಪ್ರಭಾವತಿ ತಲೆಯೆತ್ತಿದರು. "ತಿಲಾಪಿಯಾ ಮೀನಾ? ಗಂಡು ಹೆಣ್ಣು ಬೇರೆ ಮಾಡಿದ್ಯಾ, ಇಲ್ವಾ? ಒಟ್ಟಿಗೆ ಬಿಟ್ರೆ ಕೊಳದ ತುಂಬಾ ಬರೀ ಮರಿನೇ ಆಗೋಗುತ್ತೆ."

ಕೌಸಲ್ಯಾ ಕೈಯಲ್ಲಿದ್ದ ಸೌಟು ಸಾರಿನೊಳಗೆ ಮುಳುಗಿತು.

"ನಾನು ಮಂಗಳೂರಲ್ಲಿ ಫಿಶರೀಸ್ ಓದಿದ್ದು ಕೌಸಲ್ಯಾ," ಎಂದರು ಪ್ರಭಾವತಿ. "ಇಲ್ಲಿ ಯಾರಾದ್ರೂ ಕೇಳಿದ್ರೆ ಬಯಾಲಜಿ ಅಂದ್ಬಿಡ್ತೀನಿ. ನಿಮ್ಮಂಥವರು ಊಟಕ್ಕೆ ಕರೀದೇ ಹೋದ್ರೆ ಅಂತ!"

ರಾಜಶೇಖರ್‌ಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. "ಅಂದ್ರ ಆ ಸಾವಿರ ಹುಡುಗ್ರು..." ಎಂದವರೇ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಜಗನ್ನಾಥರೂ ಸೇರಿಕೊಂಡರು. ಕೌಸಲ್ಯಾ ಮಾತ್ರ ನಗಲಿಲ್ಲ.

ಊಟವಾದ ಮೇಲೆ ಇಂಚರ ಪ್ರಭಾವತಿಯನ್ನು ತಮ್ಮ ಬಡಾವಣೆಯ ಹಿಂದಿನ ಕೊಳಕ್ಕೆ ಕರೆದೊಯ್ದಳು. ನೀರು ಹದವಾಗಿದೆಯೇ ಎಂದು ನೋಡುವುದನ್ನು ಅವಳಿಗೆ ಕಲಿಸಿದ್ದು ಜಾಂಬಿಯಾದಲ್ಲಿ ಪಕ್ಕದ ಮನೆಯಲ್ಲಿದ್ದ ಮುಲೆಂಗಾ ಅಜ್ಜಿ. ಮೊಣಕೈವರೆಗೆ ಕೈ ಮುಳುಗಿಸಬೇಕು. ಸಗಣಿ ಗೊಬ್ಬರಕ್ಕೆ ಪಾಚಿ ಬೆಳೆದು, ಅಂಗೈ ಕಾಣದಷ್ಟು ನೀರು ಹಸಿರಾಗಿದ್ದರೆ ಮೀನಿಗೆ ಮೇವಿದೆ ಎಂದರ್ಥ. ಪ್ರಭಾವತಿ ರೇಷ್ಮೆ ಸೀರೆಯಲ್ಲೇ ಮಂಡಿಯೂರಿ, ಬಳೆಗಳನ್ನು ಮೇಲೇರಿಸಿ ಕೈ ಇಳಿಬಿಟ್ಟರು.

"ಅಂಗೈ ಚೆನ್ನಾಗಿ ಕಾಣ್ತಿದೆ. ಇವು ಉಪವಾಸ ಕಣೇ!"

ಮಿಕ್ಕ ಚಪಾತಿ ಹಿಡಿದು ಹಿಂದೆಯೇ ಬಂದಿದ್ದ ಕೌಸಲ್ಯಾ ದೂರದಲ್ಲೇ ನಿಂತಿದ್ದರು. ಬಹಳ ದಿನದಿಂದ ಕೇಳದೆ ಉಳಿಸಿಕೊಂಡಿದ್ದ ಪ್ರಶ್ನೆ ಹೊರಬಂತು. "ನೀನೂ ತಿಂದ್ಯಾ?"

"ತಿಂದೆ, ಅಮ್ಮ. ಅಜ್ಜಿ ತಮ್ಮ ಪಾಲಿಂದನ್ನೇ ಕೊಟ್ರು. ಬೇಡ ಅನ್ನೋಕೆ ಆಗಲಿಲ್ಲ."

ಕೌಸಲ್ಯಾ ದಡಕ್ಕೆ ಬಂದು, ಚಪಾತಿಯ ಚೂರೊಂದನ್ನು ಮುರಿದು ನೀರಿಗೆಸೆದರು. ಅದರ ಸುತ್ತ ಅಲೆಯೆದ್ದಿತು, ಚೂರು ಕಾಣೆಯಾಯಿತು. ಅವರು ಇನ್ನೊಂದು ಚೂರು ಮುರಿದರು.