ಯಾವ ಆಂಬ್ರೋಸ್?

ನನ್ನ ತಂಗಿ ಮೇವಿಸ್ ಬಾಡಿಗೆಗಿದ್ದ ಮನೆ ಮಾರಾಟವಾಗಿತ್ತು. ಸೆಪ್ಟೆಂಬರ್ ಮುಗಿಯುವುದರೊಳಗೆ ಅವಳು ಅದನ್ನು ಬಿಡಬೇಕಿತ್ತು. ನಮ್ಮೂರ ಚರ್ಚಿನ ಹಿಂದೆ ಇಲ್ಲದವರಿಗೆ ಬಾಡಿಗೆಯಿಲ್ಲದೆ ಕೊಡುವ ನಾಲ್ಕು ಧರ್ಮದ ಮನೆಗಳಿವೆ; ಅವುಗಳಲ್ಲಿ ಒಂದು ಆಗಷ್ಟೇ ಖಾಲಿಯಾಗಿತ್ತು. ಆದರೆ ಅವು ಕಟ್ಟಿಸಿದಾತನ ವಂಶದವರಿಗೆ ಮಾತ್ರ. ಕಟ್ಟಿಸಿದವನು ರಾಬರ್ಟ್ ಸ್ಕೆಪ್ಪರ್, ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ ಚರ್ಮ ಹದಮಾಡಿ ದುಡ್ಡು ಕಂಡವನು. ನಾವೂ ಹುಟ್ಟಿನಿಂದ ಸ್ಕೆಪ್ಪರ್‌ಗಳೇ. ಬರೀ ಹೆಸರು ಸಾಲದು, ಅವನಿಂದ ನಮ್ಮವರೆಗೆ ಒಂದು ಕೊಂಡಿಯೂ ತಪ್ಪದೆ ತೋರಿಸಬೇಕು ಎಂಬುದು ಆ ಮನೆಗಳನ್ನು ನೋಡಿಕೊಳ್ಳುವ ಟ್ರಸ್ಟಿನ ನಿಯಮ.

ಟ್ರಸ್ಟಿನ ಕಾರ್ಯದರ್ಶಿ ಕ್ಯೂಬಿಟ್ ನಿವೃತ್ತ ಪಶುವೈದ್ಯರು. ದಾಖಲೆಗಳ ಕಚೇರಿಗೆ ನಮ್ಮನ್ನು ತಮ್ಮ ಕಾರಿನಲ್ಲೇ ಕರೆದೊಯ್ದರು. ಮೇವಿಸ್‌ಳ ಸೊಂಟನೋವು ನೆನಪಿಟ್ಟು, ನಾಯಿಯ ಕಂಬಳಿಯೊಂದನ್ನು ಒಗೆದು ಮಡಚಿ ಅವಳ ಸೀಟಿಗೆ ಹಾಸಿದ್ದರು.

ಬೇಸಿಗೆಯೆಲ್ಲ ಕೂತು, ನಮ್ಮಿಂದ ಹಿಂದಕ್ಕೆ ಹುಡುಕುತ್ತ, ಆಂಬ್ರೋಸ್ ಸ್ಕೆಪ್ಪರ್ ಎಂಬವನವರೆಗೆ ನಾವು ಹೋಗಿ ಮುಟ್ಟಿದ್ದೆವು. ರಾಬರ್ಟ್ ತೀರಿಕೊಂಡ ಮೇಲೆ ಅವನ ಚರ್ಮದ ಕೊಟ್ಟಿಗೆಗೆ ರಾಣಿಯ ತೆರಿಗೆ ಕಟ್ಟಿದವನು ಈ ಆಂಬ್ರೋಸ್. ಅವನು ರಾಬರ್ಟನ ಮಗನೆಂದು ಸಿಕ್ಕರೆ ಮುಗಿಯಿತು.

ಸಿಕ್ಕಿತು. ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನದ ಸಾಲು ಇತ್ತು: ಆಂಬ್ರೋಸ್, ರಾಬರ್ಟನ ಮಗ. ಮೇವಿಸ್ ನನ್ನ ಕೈ ಅದುಮಿದಳು. ನಾಲ್ಕು ಹಾಳೆ ಮಗುಚಿದ ಮೇಲೆ ಸಮಾಧಿಯ ಸಾಲು ಬಂತು: ಆಂಬ್ರೋಸ್, ರಾಬರ್ಟನ ಮಗ.

ಮಗು ಚಿಕ್ಕಂದಿನಲ್ಲೇ ತೀರಿಹೋಗಿತ್ತು. ಹಾಗಾದರೆ ಮುಂದೆ ತೆರಿಗೆ ಕಟ್ಟಿದವನು ಯಾರು? ನಾವು ಯಾರ ಸಂತಾನ? ಸತ್ತ ಮಗುವಿನ ಹೆಸರನ್ನೇ ಮುಂದೆ ಹುಟ್ಟಿದ ಮಗುವಿಗೆ ಇಡುತ್ತಿದ್ದುದು ನೆನಪಾಗಿ, ಮುಂದಿನ ವರ್ಷಗಳನ್ನೆಲ್ಲ ನೋಡಿದೆ. ರಾಬರ್ಟ್ ಸಾಯುವವರೆಗೂ ಇನ್ನೊಬ್ಬ ಆಂಬ್ರೋಸ್ ಹುಟ್ಟಲೇ ಇಲ್ಲ. ಮೇವಿಸ್ ಕನ್ನಡಕ ಒರೆಸುತ್ತ ಕುಳಿತಳು. ಬಾಡಿಗೆಯ ಕೋಣೆಯೊಂದನ್ನು ಹುಡುಕುವ ಯೋಚನೆಯಲ್ಲಿದ್ದಾಳೆಂದು ನನಗೆ ತಿಳಿಯಿತು.

ಕ್ಯೂಬಿಟ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಮುಂದಕ್ಕಲ್ಲ, ಹಿಂದಕ್ಕೆ ನೋಡಿ ಎಂದರು. ನೋಡಿದೆ. ಮೂರು ವರ್ಷ ಮೊದಲೇ ಬರೆದಿತ್ತು: ಆಂಬ್ರೋಸ್, ರಾಬರ್ಟನ ಮಗ.

"ಒಂದೇ ಮನೇಲಿ ಇಬ್ರು ಆಂಬ್ರೋಸಾ?" ಎಂದಳು ಮೇವಿಸ್. "ಊಟಕ್ಕೆ ಕರೆದ್ರೆ ಯಾರು ಬರ್ಬೇಕು?"

"ಊಟ ಅಂದ್ಮೇಲೆ ಇಬ್ರೂ ಬಂದಿರ್ತಾರೆ," ಎಂದರು ಕ್ಯೂಬಿಟ್.

ಆ ಕಾಲದಲ್ಲಿ ಹೆಸರಿಡುತ್ತಿದ್ದವನು ಹೆಚ್ಚಾಗಿ ಅಪ್ಪನಲ್ಲ, ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವ ಜ್ಞಾನಪಿತ ಎಂದು ಅವರು ವಿವರಿಸಿದರು. ಅವನು ತನ್ನ ಹೆಸರನ್ನೇ ಕೊಡುವುದು ವಾಡಿಕೆ. ಊರಿನ ದೊಡ್ಡ ಮನುಷ್ಯನೊಬ್ಬ ಅಣ್ಣನಿಗೂ ತಮ್ಮನಿಗೂ ನಿಂತರೆ, ಇಬ್ಬರಿಗೂ ಅದೇ ಹೆಸರು.

ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಸತ್ತವನು ದೊಡ್ಡವನೋ ಚಿಕ್ಕವನೋ ಎಂದು ಸಮಾಧಿಯ ಸಾಲು ಹೇಳಿರಲಿಲ್ಲ. ಅರ್ಜಿಯಲ್ಲಿ ಯಾರ ಹೆಸರು ಬರೆಯಲಿ ಎಂದು ಕೇಳಿದೆ.

"ಆಂಬ್ರೋಸ್ ಅಂತ ಬರೀರಿ. ಯಾರು ಉಳಿದ್ರೋ ನಂಗೂ ಗೊತ್ತಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ಇಬ್ರಿಗೂ ಅಪ್ಪ ಒಬ್ನೇ ಅಲ್ವಾ? ಟ್ರಸ್ಟು ಕೇಳೋದು ಅಷ್ಟೇ."

ಮೇವಿಸ್ ಕ್ಯೂಬಿಟ್‌ರನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಮನೆ ಸಿಕ್ಕಿತೆಂದು ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

ಮರಳುವಾಗ ಅವಳು ಮುಂದಿನ ಸೀಟಿನಲ್ಲಿದ್ದಳು, ನಾನು ಹಿಂದೆ. ಊರು ಹತ್ತಿರವಾದಾಗ ಹಿಂದಕ್ಕೆ ತಿರುಗಿ ಕೇಳಿದಳು: "ಹಿಲ್ಡಾ, ನಾವು ದೊಡ್ಡೋನ ಕಡೆಯವ್ರೋ, ಚಿಕ್ಕೋನ ಕಡೆಯವ್ರೋ?"

"ಗೊತ್ತಿಲ್ಲ ಕಣೇ."

"ಅವರಮ್ಮಂಗೆ ಗೊತ್ತಿತ್ತು," ಎಂದಳು.

ಕ್ಯೂಬಿಟ್ ನಮ್ಮ ಬೀದಿಯ ತಿರುವು ಬಿಟ್ಟು, ಚರ್ಚಿನ ಹಿಂದಿನ ಸುತ್ತು ದಾರಿ ಹಿಡಿದು, ಖಾಲಿ ಮನೆಯ ಮುಂದೆ ಕಾರನ್ನು ನಿಧಾನ ಮಾಡಿದರು.