ಮೂರನೆಯ ಕೌದಿ

ಕಿತ್ತೂರಿನ ಬಸ್ ನಿಲ್ದಾಣದಲ್ಲಿ ಮೂವರು, ಎಂಟು ದಿನ ಬಿಟ್ಟು ಬೈಲಹೊಂಗಲದಲ್ಲಿ ಐವರು ಸತ್ತರು. ಎರಡೂ ಕಡೆ ಬಾಂಬು ಕುಕ್ಕರಿನಲ್ಲಿತ್ತು. ಮೂರನೆಯದು ಗುರುವಾರ, ರಾಮದುರ್ಗದಲ್ಲಿ. ಕದ್ದು ಕೇಳಿದ ಫೋನೊಂದು ಇಷ್ಟು ಹೇಳಿ, ಮತ್ತೆ ಬಾಯಿ ತೆರೆದಿರಲಿಲ್ಲ.

ಧಾರವಾಡದಲ್ಲಿ ಹುಟ್ಟಿ ದಿಲ್ಲಿಯಲ್ಲಿ ತನಿಖಾಧಿಕಾರಿಯಾದ ಶರ್ವರಿಯ ಬಳಿ ಅರವತ್ತು ಪುಟದ ಪ್ರಯೋಗಾಲಯ ವರದಿ ಇತ್ತು. ಸ್ಥಳದಲ್ಲಿ ಸಿಕ್ಕ ಸುಟ್ಟ ಚಿಂದಿಯನ್ನು ಅದು ‘ಬಹುವರ್ಣದ, ಬಹುಪದರದ ಜವಳಿ ವಸ್ತು’ ಎಂದು ಕಂಡುಹಿಡಿದಿತ್ತು.

“ಕೌದಿರಿ ಮೇಡಮ್,” ಎಂದ ಸವದತ್ತಿಯ ಹವಾಲ್ದಾರ ದುಂಡಪ್ಪ. “ಹಳೇ ಸೀರಿ, ಅಂಗಿ ಕೂಡಿಸಿ ಹೊಲದದ್ದು. ಸುತ್ತಿದ ಕೌದಿ ಬಸ್ಸಿನ್ಯಾಗ ಯಾರ ಬಿಚ್ಚಿ ನೋಡ್ತಾರ?”

“ಹೊಲದವರು ಯಾರಂತ ಗೊತ್ತಾಗತದ?”

“ನಮ್ಮವ್ವ ಇದ್ದಿದ್ರ ಒಂದ ನಿಮಿಷರಿ. ಈಗ ಊರೂರು ತಿರಗಬೇಕು.”

ತಿರುಗಿದರು. ಮುನವಳ್ಳಿಯಲ್ಲಿ ಸಿಕ್ಕ ಆರನೆಯ ಮುದುಕಿ ಕೆಂಚವ್ವ ಚಿಂದಿಯನ್ನು ಕಣ್ಣಿಗೆ ಹತ್ತಿಸಿಕೊಂಡು ನೋಡಿದಳು. “ಹೊಲಿಗಿ ಟಾಕಾ ಎಡಗೈಯಾವು. ಹೂಲಿ ಬಾಯವ್ವಂದು. ಇಂಥಾ ಕೌದಿ ಸುಟ್ಟಾಂವ ಯಾವ ಭಾಡ್ಯಾ?”

ಅದನ್ನೇ ತಿಳಿಯಲು ಸರ್ಕಾರ ನಲವತ್ತು ಮಂದಿಯನ್ನು ನೇಮಿಸಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅವರು ಹೂಲಿಯಲ್ಲಿದ್ದರು. ಬಾಯವ್ವನ ತೊಡೆಯ ಮೇಲೆ ಮುಗಿದ ಕೌದಿಯೊಂದಿತ್ತು.

“ಸಂಜು ಅಂತ. ಮೂರು ಹೇಳಿದ್ದ, ಎರಡು ಒಯ್ದಾನ. ಇದನ್ನ ಒಯ್ಯಾಕ ಈಗ ಬರ್ತಾನ. ಹನ್ನೊಂದರ ರಾಮದುರ್ಗ ಬಸ್ಸಿಗೆ ಹೋಗೂದೈತಂತ, ಅದಕ್ಕ ಅವನ ದಾರಿ ಕಾಯದ ಮುಗಿಸೇನಿ.”

ಆ ಎರಡರಲ್ಲಿ ಏನು ಸುತ್ತಿದ್ದನೆಂದು ಶರ್ವರಿ ಹೇಳಿದಳು. ಬಾಯವ್ವ ಸೂಜಿಯನ್ನು ಸೆರಗಿಗೆ ಚುಚ್ಚಿದಳು. “ಎಂಟು ಮಂದಿ?”

“ಎಂಟು. ನೀವು ಹಿಂದಿನ ಬಾಗಿಲಲೆ ಹೋಗ್ರಿ. ಅವನ ಕೈಯಾಗಿನ ಫೋನ್ ಒತ್ತಿದರ ಕುಕ್ಕರ್ ಸಿಡೀತದ. ಬಸ್ಸು, ಮನಿ, ಏನೂ ಉಳಿಯೂದಿಲ್ಲ.”

“ನಾ ಇಲ್ಲಂದ್ರ ಅಂವ ಒಳಗ ಕಾಲಿಡೂದಿಲ್ಲ. ನಿನಗ ಅವನ ಕೈ ಖಾಲಿ ಬೇಕಲ್ಲ? ನಾ ಮಾಡತೇನಿ.” ಮುಗಿದ ಕೌದಿಯ ಒಂದು ಮೂಲೆಯ ಹೊಲಿಗೆಯನ್ನು ಆಕೆ ಸರಸರ ಬಿಚ್ಚಿದಳು.

ಹತ್ತೂವರೆಗೆ ಬೈಕು ನಿಂತಿತು. ಹಿಂದೆ ಕಟ್ಟಿದ ಗೋಣಿಚೀಲ ಹಾಗೇ ಇತ್ತು. ಸಂಜು ಫೋನು ಹಿಡಿದೇ ಒಳಬಂದ.

“ಅವ್ವಾ, ಲಗೂ ಕೊಡು.”

“ಮೂಲಿ ತೆರದೈತಿ. ಕೌದಿ ಹೊಟ್ಟಿ ತುಂಬಬೇಕಲ್ಲ.”

ಕಡೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಮುಚ್ಚುವುದು ಬಾಯವ್ವನ ಪದ್ಧತಿ. ಆಗ ಒಯ್ಯುವವನು ಎದುರು ಕುಳಿತು ಅಂಚನ್ನು ಎರಡೂ ಕೈಯಿಂದ ಜಗ್ಗಿ ಹಿಡಿಯಬೇಕು.

“ಹಂಗ ಕೊಡು. ಬಸ್ ತಪ್ಪತೈತಿ.”

“ಉಪವಾಸದ ಕೌದಿ ಕೊಟ್ಟಾಕಿ ಅಲ್ಲ ನಾ. ಮೊದಲಿನ ಎರಡಕ್ಕ ಶಾಣ್ಯಾನಂಗ ಕುಂತು ಹಿಡದಿ. ಇದೇನು ಮಲಮಗಳ? ಕುಂದ್ರು.”

ಅವನ ಬಳಿ ಜಗತ್ತನ್ನು ಬದಲಿಸುವ ಸಿದ್ಧಾಂತವಿತ್ತು. ಬಾಯವ್ವನನ್ನು ಬದಲಿಸುವುದು ಅದರಲ್ಲಿರಲಿಲ್ಲ. ಕುಳಿತ. ಒಂದು ಕೈಯಲ್ಲಿ ಅಂಚು, ಇನ್ನೊಂದರಲ್ಲಿ ಫೋನು.

ಜೋಳದ ಚೀಲಗಳ ಹಿಂದೆ ಅಡಗಿದ್ದ ಶರ್ವರಿಯ ಕಣ್ಣು ಆ ಫೋನಿನ ಮೇಲಿತ್ತು.

“ಎರಡೂ ಕೈ,” ಎಂದಳು ಬಾಯವ್ವ, ತಲೆ ಎತ್ತದೆ. “ಟಾಕಾ ಸೊಟ್ಟ ಬಿತ್ತಂದ್ರ ಎಲ್ಲಾ ಬಿಚ್ಚಿ ಮತ್ತ ಹೊಲಿತೇನಿ. ಬೈಗಾಗತೈತಿ.”

ಸಂಜು ಬಾಗಿಲ ಕಡೆ ನೋಡಿದ. ಫೋನನ್ನು ಚಾಪೆಯ ಮೇಲಿಟ್ಟ. ಎರಡೂ ಕೈಯಿಂದ ಜಗ್ಗಿದ.

ಒಂದು ಟಾಕಾ. ಎರಡು.

ದುಂಡಪ್ಪನ ತೂಕದ ಬಗ್ಗೆ ಇಲಾಖೆ ವರ್ಷಕ್ಕೊಮ್ಮೆ ಬೇಸರ ವ್ಯಕ್ತಪಡಿಸುತ್ತಿತ್ತು. ಅಂದು ಅದಷ್ಟೂ ಬಾಗಿಲ ಮರೆಯಿಂದ ಬಂದು ಸಂಜುವಿನ ಮೇಲೆ ಬಿತ್ತು. ಶರ್ವರಿ ಫೋನನ್ನು ಬಾಚಿ ಬ್ಯಾಟರಿ ಕಿತ್ತಳು.

ಗೋಣಿಚೀಲದ ಹತ್ತಿರ ಯಾರೂ ಸುಳಿಯದಂತೆ ಓಣಿ ಖಾಲಿ ಮಾಡಿಸಿ, ಬಾಂಬು ದಳ ಕುಕ್ಕರನ್ನು ನಿಷ್ಕ್ರಿಯಗೊಳಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅಷ್ಟರಲ್ಲಿ ಹನ್ನೊಂದರ ಬಸ್ಸು ಎಂದಿನಂತೆ ತಡವಾಗಿ, ಎಂದಿನಂತೆ ತುಂಬಿ, ರಾಮದುರ್ಗ ಮುಟ್ಟಿತ್ತು.

ಶರ್ವರಿ ಕೌದಿಗೆ ಕೈಚಾಚಿದಳು. “ಇದು ಸಾಕ್ಷಿ, ಅವ್ವಾ. ಒಯ್ಯಬೇಕು.”

“ತಡಿ.” ಬಾಯವ್ವ ತೆರೆದ ಮೂಲೆಗೆ ರೊಟ್ಟಿ ಚೂರಿಟ್ಟು, ಉಳಿದ ಟಾಕಾ ಹಾಕಿ, ಹಲ್ಲಿನಿಂದ ದಾರ ಕಡಿದಳು. “ಈಗ ಒಯ್ಯಿ. ಕೋರ್ಟಿನ್ಯಾಗ ಎಷ್ಟ ವರ್ಷ ಇಟ್ಕೋತಾರೋ ಏನೋ, ಹಸದು ಇರಬಾರದು.”