ಬಾಣಂತಿಯ ತಲೆಗೆ ನೀರು

ಟಪ್ — ಮತ್ತೊಂದು ಹನಿ, ಶಿನ್ಯಿಯ ಕೂದಲ ತುದಿಯಿಂದ ಮಾರ್ಬಲ್ ನೆಲಕ್ಕೆ, ಒರೆಸಿದಷ್ಟೂ ಇನ್ನೊಂದು, ಎಂಥ ಕೂದಲಪ್ಪ ಈ ಚೀನಾದ ಹುಡುಗಿಯದು, ಮಳೆಗೆ ನೆನೆದ ಹುಲ್ಲಿನ ಹೊರೆಯ ಹಾಗೆ, ಎರಡು ಬೈರಾಸು ಒದ್ದೆಯಾದರೂ ಒಣಗುವ ಲಕ್ಷಣವಿಲ್ಲ, ಅಪೊಲೊನಿಯಾ ಮೂರನೆಯದನ್ನು ಹುಡುಕುತ್ತಾಳೆ, ಹೇರ್ ಡ್ರೈಯರ್ ಇದ್ದಿದ್ದರೆ — ಅದನ್ನು ಅವಳಮ್ಮ ಮುದುಕಿ ಎಲ್ಲಿ ಬಚ್ಚಿಟ್ಟಿದ್ದಾಳೋ, ಮಗಳು ಕದ್ದು ತಲೆ ತೊಳೆದುಕೊಂಡಾಳು ಎಂದು ಊರಿನಿಂದ ಬಂದ ದಿನವೇ ಬಚ್ಚಿಟ್ಟಳು, ಬಾಲ್ಕನಿ ಬಾಗಿಲ ಸಂದಿಗೆಲ್ಲ ಟೇಪು ಅಂಟಿಸಿದಳು, ಏಸಿ ರಿಮೋಟನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದಳು, ಹೆತ್ತವಳ ಮೈ ಒಂದು ತಿಂಗಳು ಬಾಗಿಲು ತೆರೆದ ಮನೆ, ಗಾಳಿ ಹೊಕ್ಕರೆ ಮೂಳೆಯಲ್ಲಿ ಕೂತುಬಿಡುತ್ತದೆ ಎಂದಳು ಗುಯ್‌ಫೆನ್ ಅಜ್ಜಿ, ಅವಳ ಫೋನಿನೊಳಗಿನ ಹೆಂಗಸು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಬಾಣಂತನದ ಕೆಲಸಕ್ಕೆ ಬಂದ ಅಪೊಲೊನಿಯಾ ತಲೆಯಾಡಿಸಿದ್ದಳು, ಹೌದು ಹೌದು, ನಮ್ಮಲ್ಲೂ ಹಾಗೆಯೇ — ಆದರೆ ಹಾಗೆಯೇ ಅಲ್ಲ, ಅವರಲ್ಲಿ ತಿಂಗಳು ತುಂಬುವವರೆಗೆ ತಲೆಗೆ ನೀರೇ ಇಲ್ಲ, ತನ್ನೂರು ಶಿರ್ವದಲ್ಲಿ ಬಾಣಂತಿಗೆ ದಿನವೂ ಹಂಡೆಗಟ್ಟಲೆ ಸುಡುನೀರು, ತನ್ನ ಅಮ್ಮ ಬಚ್ಚಲೊಲೆಗೆ ತೆಂಗಿನ ಮಡಲು ತುರುಕಿ ತುರುಕಿ, ಚರ್ಮ ಕೆಂಪಾಗುವವರೆಗೆ ಬೆನ್ನಿಗೆ ಎರಚಿ, ಸಹಿಸು ಮಗಾ, ಹೊಟ್ಟೆ ಒಳಗೆ ಹೋಗ್ಬೇಕು — ಆ ಕೈಯೇ ಇವತ್ತು ತನ್ನ ಕೈಯೊಳಗೆ ಹೊಕ್ಕು ಇಲ್ಲಿ, ಗಲ್ಫಿನ ರೀಮ್ ಐಲ್ಯಾಂಡಿನ ಈ ಎತ್ತರದ ಮನೆಯಲ್ಲಿ ಕೆಲಸ ಮಾಡಿತು. ಆಂಟಿ, ಪ್ಲೀಸ್, ತಲೆ ತುರಿಸ್ತದೆ, ನನ್ನ ವಾಸನೆ ನನಗೇ ಆಗುದಿಲ್ಲ, ಅಮ್ಮ ಕೋಳಿ ತರ್ಲಿಕ್ಕೆ ಬನಿಯಾಸಿಗೆ ಹೋಗಿದ್ದಾರಲ್ಲ, ಬರುವಷ್ಟರಲ್ಲಿ ಒಣಗ್ತದೆ — ಶಿನ್ಯಿ ಗೋಗರೆದದ್ದು ನಿಜ, ಆದರೆ ಅವಳು ಕೇಳಿದ್ದು ಒಂದು ಶಾಂಪೂ, ಅಷ್ಟೆ, ಪಾತ್ರೆ ಪಾತ್ರೆ ನೀರು ಕುದಿಸಿದ್ದು ಯಾರು, ಎಣ್ಣೆ ತಿಕ್ಕಿ ಎರೆದದ್ದು ಯಾರು, ತಾನೇ ಅಲ್ಲವೇ, ತಾನು ಹೆತ್ತ ಮಗಳು ತಾನ್ಯಾ, ಇದೇ ದೇಶದಲ್ಲಿ, ಸಿಲಿಕಾನ್ ಓಯಸಿಸ್‌ನಲ್ಲಿ ಹೆತ್ತಾಗ, ಮಮ್ಮಾ ನೀನು ಬರ್ಬೇಡ, ನರ್ಸ್ ಬುಕ್ ಮಾಡಿ ಆಗಿದೆ, ಆ ಎಣ್ಣೆ ಬಿಸಿನೀರು ಎಲ್ಲ ಈಗ ಯಾರು ಮಾಡ್ತಾರೆ — ಊರಿನಿಂದ ತರಿಸಿದ ಎಣ್ಣೆಯ ಬಾಟಲಿ ಹಾಗೆಯೇ ಉಳಿದಿತ್ತು, ಇವತ್ತು ಅದರ ಮುಚ್ಚಳ ತೆರೆಯಿತು.

ಟಪ್. ಮುದುಕಿಗೆ ಗೊತ್ತಾದರೆ ಖಲಾಸ್, ನಿನ್ನೆಯೇ ತಾಯಿ ಮಗಳು ಜಗಳಕ್ಕೆ ಬಿದ್ದಿದ್ದರು, ಮೊದಲು ಐಸ್ ಹಾಕಿದ ಕಾಫಿಗೆ, ಆಮೇಲೆ ಎರಡನೆಯ ಮಗುವಿನ ಮಾತಿಗೆ, ಶಿನ್ಯಿ ಮೂಗು ಒರೆಸಿಕೊಂಡು, ನೋಡಿ ಆಂಟಿ, ಅಮ್ಮನಿಗೆ ಒಂದೇ ಸಾಕು ಅಂದದ್ದೂ ಸರಕಾರ, ನನಗೆ ಮೂರು ಹೆರು ಅನ್ನುದೂ ಸರಕಾರ, ಅಮ್ಮ ಎರಡಕ್ಕೂ ಹ್ಞೂಂ, ಹೊಟ್ಟೆ ಯಾರದ್ದು — ಮುದುಕಿ ಮಗಳಿಗೆ ಬೆನ್ನು ಹಾಕಿ, ಫೋನನ್ನು ಬಾಯಿಗೆ ಹಿಡಿದು ಅಪೊಲೊನಿಯಾಳಿಗೆ ಹೇಳಿದಳು, ಹೆಣ್ಣು ಹೆತ್ತೆನೆಂದು ನನ್ನತ್ತೆ ಸಾರಿಗೆ ಒಂದು ಹೇಂಟೆಯನ್ನೂ ಕೊಯ್ಯಲಿಲ್ಲ, ವಾರ ಕಳೆಯುವ ಮೊದಲೇ ನಾಟಿಗದ್ದೆಯ ತಣ್ಣೀರಿನಲ್ಲಿ ನಿಂತೆ, ಈ ಮಣಿಕಟ್ಟು ನೋಡು, ಅವತ್ತು ಬಾತದ್ದು ಇಳಿದಿಲ್ಲ, ನನಗೆ ಸಿಗದ ತಿಂಗಳನ್ನು ಇವಳಿಗೆ ಕೊಡಲು ಬಂದೆ, ಇವಳ ತಲೆಗೆ ನೀರು ಬಿತ್ತೋ, ನಾಳೆಯೇ ವಿಮಾನ ಹತ್ತುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ — ಗದ್ದೆಯ ತಣ್ಣೀರು ಅಪೊಲೊನಿಯಾಳಿಗೆ ಗೊತ್ತು, ಭತ್ತದ ನೇಜಿ ನೆಟ್ಟ ಕಾಲಿಗೆ ಗೊತ್ತಿಲ್ಲವೇ, ಗೊತ್ತಿದ್ದೂ ನೀರೆರೆದಳು. ಫೋನು, ಮುದುಕಿಯನ್ನು ಕರೆದೊಯ್ದ ಕಾರಿನ ಡ್ರೈವರ್ ಶುಕೂರ್, ಪೊಲ್ಲಿ ಬಾಯೀ, ಬ್ರಿಜ್ ದಾಟಿ ಆಯ್ತು, ನಿಮ್ಮ ಅಜ್ಜಿ ಅಂಗಡಿಯ ಕೋಳಿಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದ್ರು ಮಾರಾಯ್ರೇ, ಹೆಣ್ಣು ನೋಡ್ಲಿಕ್ಕೆ ಬಂದವರೂ ಅಷ್ಟು ನೋಡುದಿಲ್ಲ — ನಗಲಾರಳು, ಬ್ರಿಜ್ ದಾಟಿದರೆ ಇನ್ನೇನು, ಬಂದೇ ಬಿಟ್ಟರು, ಬೆವರು ಎನ್ನೋಣವೇ, ಇಷ್ಟು ಬೆವರೇ, ಮಗು ಮಿಸುಕುತ್ತದೆ, ಶಿನ್ಯಿ ಸೀನುತ್ತಾಳೆ, ದೇವಾ, ಸೀನು ಬೇಡ, ಮೂಳೆಯಲ್ಲಿ ಕೂರುವುದು ಹೀಗೆಯೇ ಶುರುವೇನೋ, ಲಿಫ್ಟಿನ ಸದ್ದು, ಚಪ್ಪಲಿಯ ಸದ್ದು, ಬಾಗಿಲು — ಗುಯ್‌ಫೆನ್ ಕೋಳಿಯ ಚೀಲ ಹಿಡಿದು ನಿಂತಿದ್ದಾಳೆ, ಮಗಳ ತಲೆ ನೋಡುತ್ತಾಳೆ, ಎಣ್ಣೆಯ ಬಾಟಲಿ ನೋಡುತ್ತಾಳೆ, ಒಲೆಯ ಮೇಲೆ ಇನ್ನೂ ಹಬೆಯಾಡುವ ಪಾತ್ರೆ ನೋಡುತ್ತಾಳೆ, ಮಗಳು ತಿರುಗುವುದಿಲ್ಲ, ಮುದುಕಿ ಚೀಲ ಕೆಳಗಿಟ್ಟು ಹಿಂದಿನಿಂದ ಬಂದು, ಬಾತ ಆ ಕೈಯನ್ನು ಒದ್ದೆ ಕೂದಲ ಕೆಳಗೆ ಒಡ್ಡುತ್ತಾಳೆ, ನೆಲಕ್ಕೆ ಬೀಳಬಾರದೆಂದೋ, ಎಷ್ಟು ತಣ್ಣಗಿದೆ ಎಂದು ತಿಳಿಯಲೋ, ಇನ್ನೊಂದು ಕೈಯಲ್ಲಿ ಫೋನು, ಫೋನಿನೊಳಗಿನ ಹೆಂಗಸು ಕೇಳುತ್ತಾಳೆ, ಎರೆದ ನೀರು ಬಿಸಿ ಇತ್ತೇ — ಇತ್ತು ಎನ್ನಬೇಕು, ಸುಡುತ್ತಿತ್ತು ಎನ್ನಬೇಕು, ಮುದುಕಿ ನಾಳೆ ಹೋಗುತ್ತಾಳೋ ಇರುತ್ತಾಳೋ, ತಾನ್ಯಾಳ ತಲೆಗೆ ಯಾರು ಎರೆದರೋ, ಬಿಸಿ ಇತ್ತೋ ಇಲ್ಲವೋ, ಕೂದಲ ತುದಿಯಲ್ಲಿ ಹನಿ, ತುಂಬಿ, ಉದ್ದವಾಗಿ, ಇನ್ನೂ ಬೀಳದೆ